ಎರಡೂ ಬದಿಯಿಂದ ಬೆಳಕು ಹಿಡಿಯುವ ಪೆರೊವ್‌ಸ್ಕೈಟ್–ಸಿಲಿಕಾನ್ ಟ್ಯಾಂಡೆಮ್: ನಮ್ಮ ಮುರಕಲ್ಲಿನ ನೆಲಕ್ಕೆ ಬ್ಯಾಂಡ್‌ಗ್ಯಾಪ್ ಎಷ್ಟಿರಬೇಕು?

ಪೈವಳಿಕೆ_ಪಾದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ಟರ್ಮಿನಲ್‌ನ ಪೆರೊವ್‌ಸ್ಕೈಟ್–ಸಿಲಿಕಾನ್ ಟ್ಯಾಂಡೆಮ್ ಸೆಲ್ಲಿನ (ಒಂದರ ಮೇಲೊಂದು ಇಟ್ಟ ಎರಡು ಸೌರಕೋಶ) ಬಗ್ಗೆ ಒಂದು ಸಂಶಯ. ಹಿಂಬದಿಯಲ್ಲಿ ಪೂರ್ತಿ ಬೆಳ್ಳಿ ಹಾಕುವ ಬದಲು ಐಟಿಒ (ಕರೆಂಟ್ ಹರಿಯುವ ಪಾರದರ್ಶಕ ಆಕ್ಸೈಡ್) ಪದರ, ಅದರ ಮೇಲೆ ಬೆಳ್ಳಿಯ ಗ್ರಿಡ್ ಮಾತ್ರ ಇಟ್ಟು, ನೆಲದಿಂದ ತಿರುಗಿ ಬರುವ ಬೆಳಕನ್ನೂ ಸಿಲಿಕಾನಿಗೆ ಕೊಡುವ ವಿನ್ಯಾಸ ಇದು. ಸೆಲ್ಲಿನ ಅಳತೆ 1 ಚ.ಸೆಂ.ಮೀ., ಮೇಲಿನ ಪೆರೊವ್‌ಸ್ಕೈಟ್ 1.68 ಇವಿ (ಎಲೆಕ್ಟ್ರಾನ್-ವೋಲ್ಟ್) ಬ್ಯಾಂಡ್‌ಗ್ಯಾಪಿನದು, ಅಂದರೆ ಅದಕ್ಕಿಂತ ಕಡಿಮೆ ಶಕ್ತಿಯ ಬೆಳಕನ್ನು ಅದು ಹೀರುವುದಿಲ್ಲ; ಕೆಳಗೆ ಎನ್-ಟೈಪ್ ಹೆಟೆರೋಜಂಕ್ಷನ್ ಸಿಲಿಕಾನ್ (ಹರಳಿನ ಸಿಲಿಕಾನಿಗೆ ತೆಳು ಅಮಾರ್ಫಸ್ ಸಿಲಿಕಾನ್ ಪದರ ಹಾಕಿದ್ದು).

ಮುಂದಿನಿಂದ 1000 ವಾಟ್, ಕನ್ನಡಿ ಇಟ್ಟು ಹಿಂದಿನಿಂದ ಪ್ರತಿ ಚದರ ಮೀಟರಿಗೆ ಸುಮಾರು 100 ವಾಟ್ ಕೊಟ್ಟರೆ ಕರೆಂಟ್ ಏರುವುದು ಎರಡು ಮೂರು ಶೇಕಡಾ ಮಾತ್ರ. ಇದೇ ಸಿಲಿಕಾನ್ ಒಂದೇ ಇದ್ದರೆ ಒಂಬತ್ತು ಹತ್ತು ಶೇಕಡಾ ಏರುತ್ತದೆ. ಹಿಂಬದಿಗೆ ಮಾತ್ರ ಬೆಳಕು ಬಿಟ್ಟರೆ ಕರೆಂಟ್ ಹೆಚ್ಚುಕಡಿಮೆ ಸೊನ್ನೆ. ಹಾಗಾದರೆ ಬೈಫೇಶಿಯಾಲಿಟಿ (ಮುಂಬದಿಗೆ ಹೋಲಿಸಿದರೆ ಹಿಂಬದಿ ಎಷ್ಟು ಕೊಡುತ್ತದೆ ಎಂಬ ಪ್ರಮಾಣ) ಅಂತ ಎಷ್ಟು ಬರೆಯುವುದು?

ಇನ್ನೊಂದು, ಇದನ್ನು ಹೊರಗೆ ಇಟ್ಟು ನೋಡಬೇಕಾದ ಜಾಗ ಕಾಸರಗೋಡಿನ ಪೈವಳಿಕೆ ಕಡೆಯ ಗುಡ್ಡ. ಬೇಸಗೆಯಲ್ಲಿ ಒಣಗಿದ ಕೆಂಪು ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಜೂನ್ ಆದಮೇಲೆ ಪೂರ್ತಿ ಹಸಿರು, ಮೇಲಿಂದ ಮಳೆ. ಇಂಥ ನೆಲಕ್ಕೆ ಬ್ಯಾಂಡ್‌ಗ್ಯಾಪ್ ಇಳಿಸಬೇಕಾ, ಇಳಿಸಿದರೆ ಎಷ್ಟಕ್ಕೆ? ತೋಟದ ಬದಿಯಲ್ಲಿ ಬೇಲಿಯ ಹಾಗೆ ಪೂರ್ವ-ಪಶ್ಚಿಮಕ್ಕೆ ಮುಖ ಮಾಡಿ ನೆಟ್ಟಗೆ ನಿಲ್ಲಿಸಿದರೆ ಲಾಭ ಉಂಟಾ?

ಕುಂಬಳೆ_ಮಾಷ್ಟ್ರು ಉತ್ತರ:

ನಿಮ್ಮ ಸೆಲ್ ಸರಿಯಾಗಿಯೇ ಉಂಟು. ನೀವು ಕೊಟ್ಟ ಬೆಳಕು ಅದಕ್ಕೆ ಬೇಡದ ಕಡೆ ಹೋಗ್ತಾ ಉಂಟು, ಅಷ್ಟೇ.

ಎರಡು ಟರ್ಮಿನಲ್ ಅಂದರೆ ಮೇಲಿನ ಸೆಲ್ಲೂ ಕೆಳಗಿನ ಸೆಲ್ಲೂ ಸರಣಿಯಲ್ಲಿ. ಎರಡರಲ್ಲಿ ಯಾವುದು ಕಡಿಮೆ ಕರೆಂಟ್ ಕೊಡ್ತದೋ ಇಡೀ ಸೆಲ್ಲಿಗೆ ಅದೇ ಮಿತಿ. ಹಿಂಬದಿಯ ಬೆಳಕು ಪೂರ್ತಿ ಸಿಲಿಕಾನಿನಲ್ಲೇ ಮುಗಿಯುತ್ತದೆ, ಪೆರೊವ್‌ಸ್ಕೈಟ್ ಹೀರುವ ಬಣ್ಣದ್ದು ಒಂದು ಚೂರೂ ಮೇಲೆ ತಲುಪುವುದಿಲ್ಲ. ಕೈಲೆಕ್ಕ ಹಾಕಿ ನೋಡಿ. ಒಳ್ಳೆಯ ಟ್ಯಾಂಡೆಮಿನಲ್ಲಿ ಮುಂದಿನ ಬೆಳಕಿನಿಂದ ಎರಡೂ ಸೆಲ್ ಸೇರಿ ಪ್ರತಿ ಚ.ಸೆಂ.ಮೀ.ಗೆ ಸುಮಾರು 39.5 ಮಿಲಿಆಂಪಿಯರ್ ಸಿಗ್ತದೆ. 1.68 ಇವಿಯಲ್ಲಿ ಮೇಲೆ 20.0, ಕೆಳಗೆ 19.5 ಅಂತ ಇಟ್ಟುಕೊಳ್ಳಿ. ಹಿಂದಿನ 100 ವಾಟ್ ಸಿಲಿಕಾನಿಗೆ ಸುಮಾರು 3.7 ಸೇರಿಸ್ತದೆ, ಕೆಳಗೆ 23.2 ಆಯಿತು. ಆದರೆ ಮೇಲೆ 20.0ರಲ್ಲೇ ನಿಂತಿದೆ. 19.5 ಇದ್ದದ್ದು 20.0 ಆಗುವುದು ಎರಡೂವರೆ ಶೇಕಡಾ ಏರಿಕೆ, ನೀವು ಕಂಡದ್ದು ಅದೇ.

ಹಾಗಾಗಿ ಹಿಂಬದಿಯ ಬೆಳಕಿನ ಲಾಭ ಬೇಕಾದರೆ ಮೇಲಿನ ಸೆಲ್ ಮುಂದಿನ ಬೆಳಕಿನಲ್ಲಿ ಹೆಚ್ಚು ಪಾಲು ತಿನ್ನಬೇಕು, ಅಂದರೆ ಬ್ಯಾಂಡ್‌ಗ್ಯಾಪ್ ಇಳಿಯಬೇಕು. ಸಿಲಿಕಾನಿಗೆ ಕಡಿಮೆಯಾದದ್ದನ್ನು ನೆಲ ತುಂಬಿಕೊಡ್ತದೆ. 1.63 ಇವಿಗೆ ಇಳಿಸಿದರೆ ಮೇಲೆ ಸುಮಾರು 21.6, ಕೆಳಗೆ 17.9. ವ್ಯತ್ಯಾಸ 3.7, ಅಂದರೆ ಹಿಂದಿನಿಂದ ಸರಿಯಾಗಿ 100 ವಾಟ್ ಬಂದರೆ ಎರಡೂ ಸಮ. 1.60ಕ್ಕೆ ಇಳಿಸಿದರೆ ಮೇಲೆ 22.6, ಕೆಳಗೆ 16.9, ಆಗ ಬೇಕಾದ್ದು ಸುಮಾರು 155 ವಾಟ್. 1.56ಕ್ಕೆ ಹೋದರೆ 24.0 ಮತ್ತು 15.5, ಬೇಕಾದ್ದು 230 ವಾಟ್.

ಬ್ಯಾಂಡ್‌ಗ್ಯಾಪ್ ಇಳಿದರೆ ವೋಲ್ಟೇಜೂ ಇಳಿಯುತ್ತದಲ್ಲ ಅಂತ ಕೇಳುವವರು ಉಂಟು. 0.05 ಇವಿ ಇಳಿಸಿದರೆ ಹೆಚ್ಚೆಂದರೆ 0.05 ವೋಲ್ಟ್ ಹೋಗ್ತದೆ, ಟ್ಯಾಂಡೆಮಿನ ಒಟ್ಟು 1.9 ವೋಲ್ಟಿನಲ್ಲಿ ಅದು ಎರಡೂವರೆ ಶೇಕಡಾ. ಕರೆಂಟಿನಲ್ಲಿ ಬರುವ ಲಾಭ ಎಂಟು ಶೇಕಡಾ ಹತ್ತಿರ. ಜೊತೆಗೆ ಇನ್ನೊಂದು ಲಾಭ ಉಂಟು, ನನ್ನ ಮಟ್ಟಿಗೆ ಅದೇ ದೊಡ್ಡದು. ಬ್ಯಾಂಡ್‌ಗ್ಯಾಪ್ ಇಳಿಸುವುದೆಂದರೆ ಬ್ರೋಮೈಡ್ ಕಡಿಮೆ ಮಾಡುವುದು. ಬ್ರೋಮೈಡ್ ಹೆಚ್ಚಿದಷ್ಟೂ ಬಿಸಿಲಿನಲ್ಲಿ ಅಯೋಡೈಡ್ ಒಂದು ಕಡೆ, ಬ್ರೋಮೈಡ್ ಒಂದು ಕಡೆ ಬೇರೆಯಾಗಿ ಗುಂಪು ಕಟ್ಟುತ್ತವೆ. ಅಯೋಡೈಡ್ ಗುಂಪಿನಲ್ಲಿ ಚಾರ್ಜ್ ಸಿಕ್ಕಿಬಿದ್ದು ವೋಲ್ಟೇಜ್ ಕುಸಿಯುತ್ತದೆ. ಬ್ರೋಮೈಡ್ 20 ಶೇಕಡಾಕ್ಕಿಂತ ಕೆಳಗಿದ್ದರೆ ಈ ಕಾಟ ತುಂಬಾ ತಗ್ಗುತ್ತದೆ. ಸೌದಿಯ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದವರು 2021ರಲ್ಲಿ ಹೊರಗಿಟ್ಟು ಪರೀಕ್ಷಿಸಿದ ಬೈಫೇಶಿಯಲ್ ಟ್ಯಾಂಡೆಮಿನಲ್ಲೂ ಬ್ಯಾಂಡ್‌ಗ್ಯಾಪ್ ಇಳಿಸಿಯೇ ಲಾಭ ತೋರಿಸಿದ್ದು.

ದಾಖಲೆಗಳ ಜೊತೆ ಹೋಲಿಸುವಾಗ ಜಾಗ್ರತೆ. ಲೋಂಗಿ ಕಂಪೆನಿಯ 2025ರ 34.85 ಶೇಕಡಾ ಒಂದೇ ಬದಿಯ ಬೆಳಕಿನಲ್ಲಿ ಅಳೆದದ್ದು. ಬೈಫೇಶಿಯಲ್ ಸೆಲ್ಲಿಗೆ ಶೇಕಡಾ ದಕ್ಷತೆ ಬರೆಯುವುದಕ್ಕಿಂತ, ಹಿಂದಿನಿಂದ ಇಷ್ಟು ವಾಟ್ ಇದ್ದಾಗ ಪ್ರತಿ ಚ.ಸೆಂ.ಮೀ.ಗೆ ಇಷ್ಟು ಮಿಲಿವಾಟ್ ಅಂತ ಬರೆಯುವುದೇ ಸರಿ.

ಬೇಲಿಯ ಯೋಚನೆ ಬಿಡಿ. ಪೆರೊವ್‌ಸ್ಕೈಟ್ ಇರುವುದು ಒಂದೇ ಮುಖದಲ್ಲಿ. ಆ ಮುಖ ಪೂರ್ವಕ್ಕಿದ್ದರೆ ಮಧ್ಯಾಹ್ನದ ಮೇಲೆ ಅದಕ್ಕೆ ಸಿಗುವುದು ಆಕಾಶದ ಚದುರಿದ ಬೆಳಕು ಮಾತ್ರ. ಅದು 150 ವಾಟ್ ಅಂತಿಟ್ಟರೆ ಮೇಲಿನ ಕರೆಂಟ್ 3 ಮಿಲಿಆಂಪಿಯರ್. ಹಿಂದಿನಿಂದ ಸಿಲಿಕಾನಿಗೆ 700 ವಾಟ್ ಬಿದ್ದರೂ ಹೊರಗೆ ಬರುವುದು ಆ ಮೂರೇ. ನೆಟ್ಟಗಿನ ಬೇಲಿಗೆ ಮಾಮೂಲಿ ಬೈಫೇಶಿಯಲ್ ಸಿಲಿಕಾನ್ ಪ್ಯಾನೆಲ್ ಇದಕ್ಕಿಂತ ಎಷ್ಟೋ ಮೇಲು.

ಚಂದ್ರಗಿರಿ_ದಡ ಉತ್ತರ:

ಮಾಷ್ಟ್ರು ಹೇಳಿದ ಲೆಕ್ಕಕ್ಕೆ ಅಳತೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಬೈಫೇಶಿಯಲ್ ಸೆಲ್ ಅಳೆಯುವ ಐಇಸಿ 60904-1-2 ಎಂಬ ಅಂತಾರಾಷ್ಟ್ರೀಯ ಮಾನದಂಡದ ಕ್ರಮದಲ್ಲಿ ಒಂದು ಸುಲಭದ ದಾರಿ ಇದೆ. ಹಿಂಬದಿಗೆ ಬೆಳಕು ಕೊಡದೆ, ಅದಕ್ಕೆ ಸಮನಾದಷ್ಟು ಮುಂದಿನ ಬೆಳಕನ್ನೇ ಏರಿಸಿ ಅಳೆಯುವುದು. ಒಂದೇ ಜಂಕ್ಷನ್‌ನ ಸಿಲಿಕಾನಿಗೆ ಅದು ಚೆನ್ನಾಗಿ ನಡೆಯುತ್ತದೆ. ಟ್ಯಾಂಡೆಮಿಗೆ ನಡೆಯುವುದಿಲ್ಲ, ಏಕೆಂದರೆ ಮುಂದಿನ ಬೆಳಕು ಏರಿಸಿದರೆ ಮೇಲಿನ ಸೆಲ್ಲಿನ ಕರೆಂಟೂ ಏರುತ್ತದೆ, ನಿಜದಲ್ಲಿ ಹಾಗೆ ಆಗುವುದಿಲ್ಲ. ಹೀಗೆ ಅಳೆದರೆ ಲಾಭ ಸುಳ್ಳಾಗಿ ದೊಡ್ಡದು ಕಾಣುತ್ತದೆ. ಎರಡೂ ಕಡೆಯಿಂದ ಒಟ್ಟಿಗೆ ಬೆಳಕು ಕೊಟ್ಟೇ ಅಳೆಯಿರಿ: ಮುಂದೆ 1000, ಹಿಂದೆ 0, 50, 100, 150, 200 ವಾಟ್.

ಬೈಫೇಶಿಯಾಲಿಟಿ ಅಂಕಿಯನ್ನು ನೀವು ಬರೆಯಲೇಬೇಡಿ. ಹಿಂಬದಿಗೆ ಮಾತ್ರ ಬೆಳಕು ಕೊಟ್ಟಾಗ ಮೇಲಿನ ಸೆಲ್ ಕತ್ತಲಲ್ಲಿ ಇರುವುದರಿಂದ ಸೊನ್ನೆ ಬರುವುದು ಸಹಜ, ಅದರಿಂದ ಸೆಲ್ಲಿನ ಗುಣ ತಿಳಿಯುವುದಿಲ್ಲ. ಅದರ ಬದಲು ಹಿಂದಿನ ಬೆಳಕು ಏರಿದಂತೆ ಕರೆಂಟ್ ಹೇಗೆ ಏರುತ್ತದೆ ಎಂಬ ಗೆರೆ ಹಾಕಿ. ಆ ಗೆರೆ ಎಲ್ಲಿ ಬಾಗಿ ಚಪ್ಪಟೆಯಾಗುತ್ತದೋ ಅಲ್ಲಿ ಎರಡೂ ಸೆಲ್ ಸಮ ಆದವು ಅಂತ ಅರ್ಥ. ಈ ಒಂದು ಚಿತ್ರ ಯಾವ ಅಂಕಿಗಿಂತಲೂ ಹೆಚ್ಚು ಹೇಳುತ್ತದೆ.

ಮುಂದಿನಿಂದ ಮಾತ್ರ ಅಳೆಯುವಾಗ ಹಿಂಬದಿ ನಿಜವಾಗಿ ಕತ್ತಲಾಗಿರಬೇಕು, ಹಿಂದೆ ಬೀಳುವುದು ಪ್ರತಿ ಚ.ಮೀ.ಗೆ 3 ವಾಟ್ ಮೀರಬಾರದು. ಸೆಲ್ ಹಿಡಿದಿಡುವ ಹೊಳೆಯುವ ಹಿತ್ತಾಳೆ ಚಕ್‌ನ ಮೇಲೆ ಸೆಲ್ ಇಟ್ಟರೆ ಸಿಲಿಕಾನ್ ದಾಟಿ ಹೋದ ಅವಕೆಂಪು ಬೆಳಕು ತಿರುಗಿ ಬಂದು ಕೆಳಗಿನ ಕರೆಂಟನ್ನು ಏರಿಸಿ ತೋರಿಸುತ್ತದೆ. ಮ್ಯಾಟ್ ಕಪ್ಪು ಹಾಳೆ ಹಾಕಿ.

ಇಕ್ಯುಇ (ಪ್ರತಿ ಬಣ್ಣದ ಬೆಳಕಿಗೆ ಎಷ್ಟು ಕರೆಂಟ್ ಎಂಬ ಅಳತೆ) ಮಾಡುವಾಗ ಮೇಲಿನ ಸೆಲ್ ಅಳೆಯಲು 850 ನ್ಯಾನೋಮೀಟರಿಗಿಂತ ಉದ್ದದ ಅವಕೆಂಪು ಬಯಾಸ್ ಬೆಳಕು (ಅಳೆಯದ ಸೆಲ್ಲು ಮಿತಿಯಾಗದ ಹಾಗೆ ಅದಕ್ಕೆ ಕೊಡುವ ಹೆಚ್ಚುವರಿ ಬೆಳಕು), ಕೆಳಗಿನದನ್ನು ಅಳೆಯಲು ನೀಲಿ ಬಯಾಸ್. ಹಿಂಬದಿಯಿಂದಲೂ ಒಂದು ಸಲ ಇಕ್ಯುಇ ತೆಗೆಯಿರಿ, ಆಗಲೂ ಮೇಲಿನ ಸೆಲ್ಲಿಗೆ ಮುಂದಿನಿಂದ ನೀಲಿ ಬಯಾಸ್ ಇರಲೇಬೇಕು. ಸೂರ್ಯನ ಬೆಳಕಿನ ಸಿಮ್ಯುಲೇಟರ್ ಬರೀ ಜೆನಾನ್ ದೀಪದ್ದಾದರೆ 800ರಿಂದ 1000 ನ್ಯಾನೋಮೀಟರ್ ನಡುವೆ ಅದರ ಚೂಪು ಗೆರೆಗಳು ಸಿಲಿಕಾನಿಗೆ ಹೆಚ್ಚು ಕೊಟ್ಟುಬಿಡುತ್ತವೆ. ಎಲ್‌ಇಡಿ ಸಿಮ್ಯುಲೇಟರ್ ಇದ್ದರೆ ನೀಲಿ, ಅವಕೆಂಪು ಎರಡನ್ನೂ ಬೇರೆಬೇರೆ ಸರಿಪಡಿಸಬಹುದು.

ಇನ್ನು, ಕರೆಂಟ್ ಸರಿಸಮ ಆದ ಬಿಂದುವಿನಲ್ಲೇ ಫಿಲ್ ಫ್ಯಾಕ್ಟರ್ (ಸಿಗುವ ಗರಿಷ್ಠ ಶಕ್ತಿಗೂ, ಕರೆಂಟ್ ಗುಣಿಸು ವೋಲ್ಟೇಜಿಗೂ ಇರುವ ಪ್ರಮಾಣ) ಅತಿ ಕಡಿಮೆ ಇರುತ್ತದೆ. ಹಾಗಾಗಿ ಶಕ್ತಿಯ ತುದಿ ಸಪಾಟಾಗಿದೆ. ಬ್ಯಾಂಡ್‌ಗ್ಯಾಪ್ 0.01 ಇವಿ ಆಚೆ ಈಚೆ ಆಯಿತೆಂದು ರೆಸಿಪಿ ಬದಲಾಯಿಸುತ್ತ ಕೂರಬೇಡಿ.

ಸೀತಾಂಗೋಳಿ_ಪದರ ಉತ್ತರ:

1.63 ಇವಿಗೆ ಇಳಿಸುವುದಾದರೆ ರೆಸಿಪಿ ಹೀಗೆ. ಸೀಸಿಯಂ 17, ಫಾರ್ಮಮಿಡಿನಿಯಂ 83; ಅಯೋಡೈಡ್ 83, ಬ್ರೋಮೈಡ್ 17 ಶೇಕಡಾ. ಮಿಥೈಲ್‌ಅಮೋನಿಯಂ ಬೇಡ, ಬಿಸಿಗೆ ಮೊದಲು ಹೋಗುವುದು ಅದೇ. ದ್ರಾವಕ ಡಿಎಂಎಫ್ ಮತ್ತು ಡಿಎಂಎಸ್‌ಒ 4:1, ದ್ರಾವಣದ ಸಾಂದ್ರತೆ 1.5 ಮೋಲಾರ್ ಹತ್ತಿರ, ಪದರದ ದಪ್ಪ 600 ನ್ಯಾನೋಮೀಟರ್ ಬರುವ ಹಾಗೆ ತಿರುಗುವ ವೇಗ ಹೊಂದಿಸಿ. 100 ಡಿಗ್ರಿಯಲ್ಲಿ 10ರಿಂದ 15 ನಿಮಿಷ ಕಾಯಿಸಿ. ಹೆಟೆರೋಜಂಕ್ಷನ್ ಸಿಲಿಕಾನ್ 200 ಡಿಗ್ರಿ ದಾಟಿದರೆ ಕೆಡುತ್ತದೆ, ಇಷ್ಟಕ್ಕೆ ಏನೂ ಆಗುವುದಿಲ್ಲ.

ಸಿಲಿಕಾನಿನ ಯಾವ ಮುಖ ಮೇಲೆ ಅಂತ ಎರಡು ಸಲ ನೋಡಿಕೊಳ್ಳಿ. ನಿಮ್ಮದು ಪಿ-ಐ-ಎನ್ ಕ್ರಮ (ಧನ ಚಾರ್ಜ್ ಒಯ್ಯುವ ಹೋಲ್ ಪದರ ಕೆಳಗೆ, ಎಲೆಕ್ಟ್ರಾನ್ ಒಯ್ಯುವ ಸಿ60 ಮೇಲೆ) ಆದರೆ ಸಿಲಿಕಾನಿನ ಮೇಲ್ಮುಖ ಎನ್ ಆಗಿರಬೇಕು, ಪಿ ಎಮಿಟರ್ ಹಿಂಬದಿಯಲ್ಲಿ. ತಿರುವಿಹಾಕಿದರೆ ಎರಡು ಸೆಲ್ಲಿನ ವೋಲ್ಟೇಜ್ ಕೂಡುವ ಬದಲು ಕಳೆಯುತ್ತದೆ, 1.9 ಬರಬೇಕಾದಲ್ಲಿ ಅರ್ಧ ವೋಲ್ಟೂ ಬರದಿದ್ದರೆ ಮೊದಲ ಸಂಶಯ ಇದರ ಮೇಲೆ ಇರಲಿ.

ನಡುವಿನ ಐಟಿಒ 20 ನ್ಯಾನೋಮೀಟರ್ ಸಾಕು. ದಪ್ಪ ಮಾಡಿದರೆ ಅವಕೆಂಪು ಬೆಳಕನ್ನು ಅದೇ ನುಂಗುತ್ತದೆ. ಅದಕ್ಕಿಂತ ಕೆಟ್ಟದ್ದು, ಪೆರೊವ್‌ಸ್ಕೈಟಿನಲ್ಲಿ ಎಲ್ಲೋ ಒಂದು ತೂತಿದ್ದರೆ ದಪ್ಪ ಐಟಿಒ ಆ ಸೋರಿಕೆಯನ್ನು ಇಡೀ ಸೆಲ್ಲಿಗೆ ಹರಡುತ್ತದೆ. ಯುವಿ-ಓಝೋನ್ 10ರಿಂದ 15 ನಿಮಿಷ ಕೊಟ್ಟ ಕೂಡಲೇ ಹೋಲ್ ಪದರ ಹಾಕಿ. ಅದಕ್ಕೆ 2ಪಿಎಸಿಝಡ್ ಅಥವಾ ಮಿಥೈಲ್-4ಪಿಎಸಿಝಡ್, ಎಥನಾಲಿನಲ್ಲಿ 1 ಮಿಲಿಮೋಲಾರ್, 3000 ಸುತ್ತಿನಲ್ಲಿ 30 ಸೆಕೆಂಡ್, ಮತ್ತೆ 100 ಡಿಗ್ರಿ 10 ನಿಮಿಷ. ಮಿಥೈಲ್ ಇರುವುದು ವೋಲ್ಟೇಜಿಗೆ ಒಳ್ಳೆಯದು, ಆದರೆ ಅದರ ಮೇಲೆ ಪೆರೊವ್‌ಸ್ಕೈಟ್ ದ್ರಾವಣ ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರುತ್ತದೆ. ಅಲ್ಯುಮಿನಾ ನ್ಯಾನೋಕಣಗಳ ತೆಳು ಪದರ ಒಂದು ಹಾಕಿದರೆ ಹಿಡಿಯುತ್ತದೆ.

ಮಾರುಕಟ್ಟೆಯ ಸಿಲಿಕಾನಿನ ಪಿರಮಿಡ್ 2ರಿಂದ 5 ಮೈಕ್ರೋಮೀಟರ್ ಎತ್ತರ. 600 ನ್ಯಾನೋಮೀಟರ್ ದ್ರಾವಣದ ಪದರ ಅದನ್ನು ಮುಚ್ಚುವುದಿಲ್ಲ, ತುದಿಗಳು ಹೊರಗೆ ಬಂದು ಶಾರ್ಟ್ ಆಗುತ್ತದೆ. ದಾರಿ ಮೂರು ಉಂಟು: ಪಿರಮಿಡ್ 1 ಮೈಕ್ರೋಮೀಟರಿಗಿಂತ ಸಣ್ಣ ಮಾಡಿಸಿದ ವೇಫರ್, ಮುಂಬದಿ ನಯವಾಗಿದ್ದು ಹಿಂಬದಿ ಮಾತ್ರ ಪಿರಮಿಡ್ ಇರುವ ವೇಫರ್, ಇಲ್ಲವೇ ಲೆಡ್ ಅಯೋಡೈಡ್ ಮತ್ತು ಸೀಸಿಯಂ ಬ್ರೋಮೈಡನ್ನು ನಿರ್ವಾತದಲ್ಲಿ ಆವಿಯಾಗಿ ಕೂರಿಸಿ, ಮೇಲಿಂದ ಸಾವಯವ ಲವಣದ ದ್ರಾವಣ ಹಾಕುವುದು. ನಿಮ್ಮ ಕೆಲಸಕ್ಕೆ ಎರಡನೆಯದು ಸಾಕು. ಹಿಂಬದಿಯ ಪಿರಮಿಡ್ ಹೇಗೂ ನೆಲದ ಬೆಳಕು ಹಿಡಿಯಲು ಬೇಕೇ ಬೇಕು.

ಮೇಲೆ ಸಿ60 20 ನ್ಯಾನೋಮೀಟರ್, ಎಎಲ್‌ಡಿಯಲ್ಲಿ (ಒಂದೊಂದೇ ಅಣುಪದರ ಕೂರಿಸುವ ಕ್ರಮ) ಟಿನ್ ಆಕ್ಸೈಡ್ 20, ಆಮೇಲೆ ಐಝಡ್‌ಒ (ಐಟಿಒ ತರಹದ್ದೇ ಪಾರದರ್ಶಕ ವಾಹಕ) ಸುಮಾರು 100, ಬೆಳ್ಳಿ ಗ್ರಿಡ್, ಕೊನೆಗೆ ಮೆಗ್ನೀಸಿಯಂ ಫ್ಲೋರೈಡ್ 100. ಐಝಡ್‌ಒ ಸ್ಪಟರ್ ಮಾಡುವಾಗ ಪವರ್ ಕಡಿಮೆ ಇಡಿ. ಟಿನ್ ಆಕ್ಸೈಡ್ ತೆಳುವಾಗಿದ್ದು ಪವರ್ ಜಾಸ್ತಿ ಆದರೆ ಐ-ವಿ (ಕರೆಂಟ್–ವೋಲ್ಟೇಜ್) ಗೆರೆ ಎಸ್ ಆಕಾರಕ್ಕೆ ತಿರುಗುತ್ತದೆ. ಹಿಂಬದಿಯ ಐಟಿಒ ಮತ್ತು ಗ್ರಿಡ್ ಕೆಲಸವನ್ನು ಪೆರೊವ್‌ಸ್ಕೈಟ್ ಹಾಕುವ ಮೊದಲೇ ಮುಗಿಸಿ, ಬೆಳ್ಳಿ ಪೇಸ್ಟನ್ನು 200 ಡಿಗ್ರಿಯ ಒಳಗೆ ಆಗಲೇ ಬೇಯಿಸಬಹುದು. ಪೆರೊವ್‌ಸ್ಕೈಟ್ ಆದಮೇಲೆ ಆ ಬಿಸಿ ಕೊಡುವ ಹಾಗಿಲ್ಲ.

ನಮ್ಮ ಮಳೆಗಾಲದ ಗಾಳಿಯಲ್ಲಿ ಗ್ಲೋವ್‌ಬಾಕ್ಸ್ ಇಲ್ಲದೆ ಇದಕ್ಕೆ ಕೈ ಹಾಕುವುದು ಬೇಡ, ಫಾರ್ಮಮಿಡಿನಿಯಂ ಲವಣ ಬಾಟಲಿ ತೆರೆದ ಕೂಡಲೇ ತೇವ ಎಳೆಯುತ್ತದೆ. ಡಿಎಂಎಫ್ ಚರ್ಮದ ಮೂಲಕ ಒಳಗೆ ಹೋಗುವ ದ್ರಾವಕ, ಅದರಲ್ಲಿ ಸೀಸ ಕರಗಿರುತ್ತದೆ. ಬ್ಯೂಟೈಲ್ ಕೈಗವಸು ಹಾಕಿ, ಒರೆಸಿದ ಬಟ್ಟೆಯನ್ನೂ ಸೀಸದ ತ್ಯಾಜ್ಯವಾಗಿ ಬೇರೆ ಇಡಿ.

ಪೈವಳಿಕೆ_ಪಾದೆ:

ಮೂವರಿಗೂ ತುಂಬಾ ಉಪಕಾರ. ಗೆರೆ ಬಾಗುವ ಬಿಂದು ಹುಡುಕುವ ಉಪಾಯ ಬಹಳ ಚೆನ್ನಾಗಿದೆ, ನಾಳೆಯೇ ಮಾಡುವಂಥದ್ದು. ಆದರೆ ಮಾಷ್ಟ್ರೇ, ನಮ್ಮ ಗುಡ್ಡದಲ್ಲಿ ಹಿಂದಿನಿಂದ 100 ವಾಟ್ ಬರುತ್ತದೆ ಅಂತ ಹೇಗೆ ಇಟ್ಟುಕೊಳ್ಳುವುದು? ಮಳೆಗಾಲದಲ್ಲಿ ಮುಂದಿನ ಬೆಳಕೇ 200 ವಾಟ್ ಇರುವ ದಿನ ಎಷ್ಟೋ ಉಂಟಲ್ಲ.

ಕುಂಬಳೆ_ಮಾಷ್ಟ್ರು ಉತ್ತರ:

ವಾಟ್ ನೋಡಬೇಡಿ, ಮುಂದಿನದಕ್ಕೂ ಹಿಂದಿನದಕ್ಕೂ ಇರುವ ಪ್ರಮಾಣ ನೋಡಿ. 1.63ಕ್ಕೆ ಬೇಕಾದ್ದು ಹತ್ತು ಶೇಕಡಾ. ಮುಂದೆ 200 ಇದ್ದ ದಿನ ಹಿಂದೆ 20 ಸಾಕು.

ಆ ಪ್ರಮಾಣ ಅಂದರೆ ಹೆಚ್ಚುಕಡಿಮೆ ನೆಲದ ಪ್ರತಿಫಲನ ಗುಣಿಸು ಪ್ಯಾನೆಲ್ಲಿನ ಹಿಂಬದಿಗೆ ಬೆಳಕು ಬಿದ್ದ ನೆಲ ಎಷ್ಟು ಕಾಣುತ್ತದೆ ಎಂಬ ಪಾಲು. ಒಂದು ಮೀಟರ್ ಎತ್ತರದಲ್ಲಿ ಸಾಲುಸಾಲಾಗಿ ಇಟ್ಟರೆ ಆ ಪಾಲು ಅರ್ಧ ಅಂತ ಹಿಡಿಯಬಹುದು. ಒಣ ಮುರಕಲ್ಲಿನ ಪ್ರತಿಫಲನ 0.25 ಅಂತಿಟ್ಟರೆ 12 ಶೇಕಡಾ ಸಿಗ್ತದೆ. ಒದ್ದೆಯಾಗಿ ಕಪ್ಪಾದ ಕಲ್ಲು 0.14 ಅಂತಿಟ್ಟರೆ 7 ಶೇಕಡಾ. ಈಗ ಮೇಲಿನ ಲೆಕ್ಕಕ್ಕೆ ಹಾಕಿ. 12 ಶೇಕಡಾದಲ್ಲಿ 1.63ರ ಸೆಲ್ 21.6 ಕೊಡ್ತದೆ, 1.60ರದ್ದು 21.3. 7 ಶೇಕಡಾದಲ್ಲಿ 1.63ರದ್ದು 20.5, 1.60ರದ್ದು 19.5, ನೀವು ಈಗ ಇಟ್ಟುಕೊಂಡ 1.68ರದ್ದು 20.0. ಕರೆಂಟಿನಲ್ಲಿ ಎರಡೂ ಕಾಲದಲ್ಲಿ ಗೆಲ್ಲುವುದು 1.63. ಹಿಂಬದಿಗೆ ಏನೂ ಸಿಗದ ಜಾಗದಲ್ಲಿ ಇಟ್ಟರೆ ಮಾತ್ರ ಅದು 17.9ಕ್ಕೆ ಬಿದ್ದು 1.68ಕ್ಕೆ ಸೋಲ್ತದೆ. ತಗಡಿನ ಮಾಡಿಗೆ ಅಂಟಿಸಿ ಇಡುವ ಪ್ಯಾನೆಲ್ಲಿಗೆ ಈ ವಿನ್ಯಾಸವೇ ಅಲ್ಲ. ಬಿಳಿ ಬಣ್ಣ ಬಳಿದ ತಾರಸಿಯ ಮೇಲೆ ಎತ್ತರಿಸಿ ಇಡುವುದಾದರೆ 1.60 ಅಥವಾ ಅದಕ್ಕಿಂತ ಕೆಳಗೆ ಧೈರ್ಯವಾಗಿ ಹೋಗಿ.

ಚಂದ್ರಗಿರಿ_ದಡ ಉತ್ತರ:

ಹಸಿರಿನ ಬಗ್ಗೆ ಒಂದು ಮಾತು ಸೇರಿಸಬೇಕು. ಹುಲ್ಲು ಕಣ್ಣಿಗೆ ಕಪ್ಪಾಗಿ ಕಂಡರೂ 700 ನ್ಯಾನೋಮೀಟರ್ ದಾಟಿದ ಕೂಡಲೇ ಅದರ ಪ್ರತಿಫಲನ ಜೋರಾಗಿ ಏರುತ್ತದೆ, ಸಿಲಿಕಾನಿಗೆ ಅದು ಹಬ್ಬ. ಮಳೆಗಾಲದ ಆಕಾಶದಲ್ಲಿ ನೀರಾವಿ 940 ನ್ಯಾನೋಮೀಟರ್ ಸುತ್ತಮುತ್ತ ಬೆಳಕನ್ನು ನುಂಗಿ ಕೆಳಗಿನ ಸೆಲ್ಲಿಗೇ ಕೊರತೆ ಮಾಡುವುದರಿಂದ ಹಿಂಬದಿಯ ಈ ಸಹಾಯ ಸರಿಯಾದ ಹೊತ್ತಿಗೆ ಬರುತ್ತದೆ. ಆದ್ದರಿಂದ ಹಿಂಬದಿಯ ಬೆಳಕು ಅಳೆಯಲು ಎಲ್ಲ ತರಂಗಗಳನ್ನೂ ಒಟ್ಟಿಗೆ ಅಳೆಯುವ ಪೈರನೋಮೀಟರಿಗಿಂತ ಸಿಲಿಕಾನ್ ರೆಫರೆನ್ಸ್ ಸೆಲ್ ಉತ್ತಮ. ಪ್ಯಾನೆಲ್ಲಿನ ಹಿಂದೆ ನಡುವಿಗೆ ಒಂದು, ಅಂಚಿಗೆ ಒಂದು ಕಟ್ಟಿ ಒಂದು ವರ್ಷ ದಾಖಲಿಸಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮಗೆ ಬಡಗು ದಿಕ್ಕಿನಲ್ಲಿ ಇರುವುದರಿಂದ ನೆರಳು ಬೀಳುವ ಜಾಗವೂ ಬದಲಾಗುತ್ತದೆ, ಒಂದು ತಿಂಗಳ ಅಂಕಿ ನಂಬುವಂತಿಲ್ಲ.

ಕಟ್ಟುವಾಗ ಹಿಂಬದಿಗೆ ಅಡ್ಡಪಟ್ಟಿ ಬರದ ಹಾಗೆ ನೋಡಿ. ಬರೀ ಸಿಲಿಕಾನ್ ಪ್ಯಾನೆಲ್ಲಿನಲ್ಲಿ ಪಟ್ಟಿಯ ನೆರಳು ಸಣ್ಣ ನಷ್ಟ. ಇಲ್ಲಿ ಪಟ್ಟಿಯ ಮೇಲಿರುವ ಸೆಲ್ 21.6ರಿಂದ 17.9ರ ಕಡೆಗೆ ಇಳಿದು, ಸರಣಿಯಲ್ಲಿರುವ ಉಳಿದವನ್ನೂ ಎಳೆಯುತ್ತದೆ. ಆಧಾರ ಅಂಚಿನಲ್ಲಿ ಮಾತ್ರ ಇರಲಿ, ಜಂಕ್ಷನ್ ಬಾಕ್ಸ್ ಕೂಡ.

ಬದಿಯಡ್ಕ_ನಾಲ್ಕುತಂತಿ ಉತ್ತರ:

ಇಷ್ಟೆಲ್ಲ ಹೊಂದಿಸುವ ಬದಲು ನಾಲ್ಕು ಟರ್ಮಿನಲ್ ಮಾಡಬಹುದಲ್ಲ? ಐಐಟಿ ಬಾಂಬೆಯವರೂ ನಾಲ್ಕು ಟರ್ಮಿನಲ್ಲಿನಲ್ಲಿ ಕೆಲಸ ಮಾಡಿದ್ದಾರೆ. ಮೇಲಿನದು ಅದರ ಪಾಡಿಗೆ, ಕೆಳಗಿನದು ಅದರ ಪಾಡಿಗೆ. ನೆಲ ಒದ್ದೆಯಾಗಲಿ ಒಣಗಲಿ, ಸಿಕ್ಕ ಬೆಳಕೆಲ್ಲ ಲೆಕ್ಕಕ್ಕೆ ಬರುತ್ತದೆ. 1.68ರ ರೆಸಿಪಿಯನ್ನೂ ಬದಲಾಯಿಸಬೇಕಾಗಿಲ್ಲ.

ಸೀತಾಂಗೋಳಿ_ಪದರ ಉತ್ತರ:

ಅಣ್ಣಾ, ನೆಲ ಬದಲಾಗುವ ಜಾಗಕ್ಕೆ ಅದು ನಿಜವಾಗಿಯೂ ಒಳ್ಳೆಯ ದಾರಿ. ಆದರೆ ಪಾರದರ್ಶಕ ವಾಹಕ ಪದರ ಇನ್ನೂ ಹೆಚ್ಚು ಬೇಕು, ಅವು ಸಿಲಿಕಾನಿಗೆ ಹೋಗುವ ಅವಕೆಂಪನ್ನು ತಿನ್ನುತ್ತವೆ. ಪ್ಯಾನೆಲ್ ಮಟ್ಟದಲ್ಲಿ ತಂತಿಯೂ ಎಂಪಿಪಿಟಿಯೂ (ಗರಿಷ್ಠ ಶಕ್ತಿ ಎಳೆಯುವ ಸಾಧನ) ಎರಡೆರಡು. ಕೇಳಿದವರ ಹತ್ತಿರ ಎರಡು ಟರ್ಮಿನಲ್‌ನ ಸಿಲಿಕಾನ್ ಈಗಾಗಲೇ ಇರುವುದರಿಂದ ಬ್ರೋಮೈಡ್ ಇಳಿಸುವುದೇ ಅವರಿಗೆ ಹತ್ತಿರದ ದಾರಿ.

ಹೊರಗೆ ಇಡುವ ಮೊದಲು ಮುಚ್ಚುವ ಕೆಲಸ ಗಟ್ಟಿಯಾಗಿರಲಿ. ಎರಡೂ ಕಡೆ ಗಾಜು, ಅಂಚಿಗೆ 10 ಮಿಲಿಮೀಟರಿಗೆ ಕಡಿಮೆ ಇಲ್ಲದ ಬ್ಯೂಟೈಲ್ ರಬ್ಬರ್ ಪಟ್ಟಿ, ನಡುವೆ ಅಂಟು ಹಾಳೆಯಾಗಿ ಇವಿಎ ಪ್ಲಾಸ್ಟಿಕ್ ಬದಲು ಪಾಲಿಓಲಿಫಿನ್ ಹಾಳೆ. ಇವಿಎ ತೇವದಲ್ಲಿ ಅಸಿಟಿಕ್ ಆಮ್ಲ ಬಿಡುತ್ತದೆ, ಪೆರೊವ್‌ಸ್ಕೈಟಿಗೆ ಅದು ವಿಷ. ಹೊರಗೆ ಬರುವ ತಾಮ್ರದ ಪಟ್ಟಿ ಬ್ಯೂಟೈಲನ್ನು ದಾಟುವ ಜಾಗದಲ್ಲೇ ಮೊದಲು ನೀರು ನುಗ್ಗುವುದು, ಅಲ್ಲಿ ಪಟ್ಟಿಯ ಮೇಲೆ ಕೆಳಗೆ ಎರಡೂ ಕಡೆ ಬ್ಯೂಟೈಲ್ ಒತ್ತಿ. 600 ನ್ಯಾನೋಮೀಟರ್ ಪದರದಲ್ಲಿ ಒಂದು ಚದರ ಮೀಟರಿಗೆ ಸೀಸ ಸುಮಾರು 0.8 ಗ್ರಾಂ ಇರುತ್ತದೆ. ನೀವು ಇಡುವುದು ಸಣ್ಣ ಸೆಲ್ಲೇ ಆದರೂ ಸೀಸ ಸೋರದ ಹಾಗೆ ನೋಡಬೇಕು. ಅದಕ್ಕೆಂದು ಕೆಳಗೆ ತಟ್ಟೆ ಇಡಬೇಡಿ, ಅದು ಹಿಂಬದಿಗೆ ನೆರಳು. ಬದಲಿಗೆ ಗಾಜು ಒಡೆದದ್ದು ಕಂಡ ದಿನವೇ ತೆಗೆದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಿ. ಅಂಚಿನಲ್ಲಿ ಹಳದಿ ಗೆರೆ ಕಾಣತೊಡಗಿದರೆ ನೀರು ಒಳಗೆ ಬಂದು ಲೆಡ್ ಅಯೋಡೈಡ್ ಆಗುತ್ತಿದೆ ಅಂತ ಅರ್ಥ, ಆ ಸೆಲ್ಲಿನ ಅಂಕಿಗಳನ್ನು ಆ ದಿನದಿಂದ ಬೇರೆ ಇಡಿ.